ಸಾಸ್ ಬಿದ್ದ ಐದೇ ನಿಮಿಷಕ್ಕೆ ಸೀಗಡಿ ಮೆತ್ತಗಾಗೋದು ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಸೀಗಡಿಯದ್ದೇ ದರ್ಬಾರು. ಹೋಟೆಲಿನವರು ಡೈನಮೈಟ್ ಪ್ರಾನ್ಸ್ ಅಂತ ಕಾಲುಳ್ಳ ಗಾಜಿನ ಲೋಟದಲ್ಲಿ ತಂದಿಡ್ತಾರಲ್ಲ, ಕೇಸರಿ ಬಣ್ಣದ ಖಾರದ ಕೆನೆಸಾಸ್ ಸವರಿದ ಗರಿಗರಿ ಸೀಗಡಿ, ಅದು. ಅಮೆರಿಕದಲ್ಲಿ ಇದನ್ನೇ ಬ್ಯಾಂಗ್ ಬ್ಯಾಂಗ್ ಶ್ರಿಂಪ್ ಅಂತಾರೆ. 2000ದಲ್ಲಿ ಫ್ಲಾರಿಡಾದಲ್ಲಿ ಶುರುವಾದ ಬೋನ್‌ಫಿಶ್ ಗ್ರಿಲ್ ಹೋಟೆಲ್ ಸರಣಿಯಿಂದ ಅದು ಹೆಸರಾಯಿತು. ಮೂಡಿಗೆರೆ ಹತ್ತಿರದ ನಮ್ಮ ಹೋಮ್‌ಸ್ಟೇ ಅಡುಗೆಮನೆಯಲ್ಲಿ ನಾನು ಇದನ್ನು ಸಾಕಷ್ಟು ಸಲ ಕೆಡಿಸಿದ್ದೇನೆ. ಉತ್ತರ ಕೊಡಲು ಅದೇ ನನ್ನ ಅರ್ಹತೆ.

ಪ್ರಶ್ನೆ: ಫ್ರೋಜನ್ ಸೀಗಡಿ ತಂದು, ನಿಂಬೆಹಣ್ಣು, ಶುಂಠಿ-ಬೆಳ್ಳುಳ್ಳಿ ಹಚ್ಚಿ ಒಂದು ಗಂಟೆ ಇಟ್ಟು, ಮೈದಾ-ಕಾರ್ನ್‌ಫ್ಲೋರ್ ಹಿಟ್ಟಲ್ಲಿ ಅದ್ದಿ ಕರಿದೆ. ಬಾಣಲೆಯಿಂದ ತೆಗೆದಾಗ ಚೆನ್ನಾಗಿತ್ತು. ಸಾಸ್ ಕಲಸಿ ಟೇಬಲ್‌ಗೆ ತರೋಷ್ಟರಲ್ಲಿ ಹಿಟ್ಟು ಸಿಪ್ಪೆ ಥರ ಬಿಟ್ಟುಕೊಂಡು ಬಂತು, ಒಳಗೆ ಸೀಗಡಿ ರಬ್ಬರು. ಎಲ್ಲಿ ತಪ್ಪಿದೆ? (ಗೃಹಿಣಿ, ಹಾಸನ)

ಉತ್ತರ: ನಿಮ್ಮ ವೈರಿ ಸಾಸ್ ಅಲ್ಲ, ನೀರು. ಸಾಸ್ ಬೀಳುವ ಮೊದಲೇ ಅದು ಮೂರು ಕಡೆಯಿಂದ ಒಳಗೆ ಸೇರಿಕೊಂಡಿದೆ.

ಮೊದಲನೆಯದು ಸೀಗಡಿಯಲ್ಲೇ. ಫ್ರೋಜನ್ ಸೀಗಡಿಯ ಮೇಲೆ ಗಾಜಿನಂಥ ಮಂಜಿನ ಪದರ ಇರುತ್ತೆ, ಜೊತೆಗೆ ಎಷ್ಟೋ ಪ್ಯಾಕೆಟ್‌ಗಳಲ್ಲಿ ನೀರು ಹಿಡಿದಿಡಲಿ ಅಂತ ಫಾಸ್ಫೇಟ್ ಉಪ್ಪನ್ನೂ ಸೇರಿಸಿರ್ತಾರೆ. ಬಿಸಿ ತಾಗಿದ್ದೇ ಆ ನೀರು ಹೊರಗೆ ಬರುತ್ತೆ. ಅದು ಆವಿಯಾಗಿ ಹಿಟ್ಟನ್ನು ಒಳಗಿನಿಂದ ಎಬ್ಬಿಸುತ್ತೆ. ನೀವು ಹೇಳಿದ 'ಸಿಪ್ಪೆ' ಹುಟ್ಟೋದು ಹಾಗೆ. ಹಿಂದಿನ ರಾತ್ರಿಯೇ ಸೀಗಡಿಯನ್ನು ಜರಡಿಗೆ ಹಾಕಿ, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಪಾತ್ರೆಯಲ್ಲಿ ಎಷ್ಟು ನೀರು ನಿಂತಿರುತ್ತೆ ನೋಡಿ, ನೀವು ದುಡ್ಡು ಕೊಟ್ಟು ತಂದದ್ದರಲ್ಲಿ ಅದೂ ಸೇರಿದೆ. ಆಮೇಲೆ ಹಳೇ ಹತ್ತಿ ಪಂಚೆಯ ಮೇಲೆ ಹರಡಿ, ಇನ್ನೊಂದು ತುಂಡು ಮುಚ್ಚಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಮುಟ್ಟಿದರೆ ಬೆರಳಿಗೆ ಅಂಟಬೇಕು, ಒದ್ದೆಯಾಗಬಾರದು.

ಎರಡನೆಯದು ನಿಂಬೆಹಣ್ಣು. ಬಂಗುಡೆಗೆ ಹುಳಿ ಹಚ್ಚಿ ಇಡುವ ಅಭ್ಯಾಸವನ್ನೇ ನಾವು ಸೀಗಡಿಗೂ ತರ್ತೀವಿ. ಹುಳಿ ಸೀಗಡಿಯ ಮಾಂಸವನ್ನು ಒಲೆಗೆ ಹೋಗುವ ಮೊದಲೇ ಅರ್ಧ ಬೇಯಿಸಿದ ಹಾಗೆ ಗಟ್ಟಿ ಮಾಡಿ, ನೀರು ಬಿಡಿಸುತ್ತೆ. ಒಂದು ಗಂಟೆ ಹುಳಿಯಲ್ಲಿ ನೆನೆದದ್ದನ್ನು ಮತ್ತೆ ಕರಿದರೆ ರಬ್ಬರ್ ಆಗದೆ ಇನ್ನೇನಾದೀತು? ಹುಳಿ ಸಾಸಿಗಿರಲಿ. ಸೀಗಡಿಗೆ ಉಪ್ಪು, ಹೊಸದಾಗಿ ಕುಟ್ಟಿದ ಕರಿಮೆಣಸು, ಸ್ವಲ್ಪ ಬೆಳ್ಳುಳ್ಳಿ ಪೇಸ್ಟ್, ಅಷ್ಟೇ. ಹಸಿ ಸೀಗಡಿ ಸಿಕ್ಕಿದ್ದರೆ ಮಾತ್ರ ಅರ್ಧ ಕೆಜಿಗೆ ಕಾಲು ಚಮಚ ಅಡುಗೆ ಸೋಡಾ ಸವರಿ 15 ನಿಮಿಷ ಬಿಡಿ, ಕಚ್ಚಿದರೆ ಪುಟಿಯುವ ಹಾಗಿರುತ್ತೆ. ಫ್ರೋಜನ್‌ಗೆ ಅದು ಬೇಡ.

ಮೂರನೆಯದು ಹಿಟ್ಟು. ಬಜ್ಜಿ ಹಿಟ್ಟಿನ ಹದಕ್ಕೆ ಕಲಸಿ ಅದ್ದಿದರೆ ಬಜ್ಜಿಯೇ ಆಗೋದು. ಮೈದಾದಲ್ಲಿ ಅಂಟು ಜಾಸ್ತಿ. ಆರಿದ ಹಾಗೆ ಅದು ಚರ್ಮದಂತೆ ಎಳೆಯುತ್ತೆ. ಬಿಟ್ಟುಬಿಡಿ. ಸ್ವಚ್ಛ ಮಾಡಿದ ಅರ್ಧ ಕೆಜಿ ಸೀಗಡಿಗೆ ಒಂದು ಮೊಟ್ಟೆಯ ಬಿಳಿ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ ಕೈಯಲ್ಲೇ ಕಲಸಿ. ಬೇರೆ ತಟ್ಟೆಯಲ್ಲಿ ಮುಕ್ಕಾಲು ಕಪ್ ಕಾರ್ನ್‌ಫ್ಲೋರ್, ಕಾಲು ಕಪ್ ಅಕ್ಕಿಹಿಟ್ಟು ಒಣದಾಗಿ ಬೆರೆಸಿಡಿ. ಸೀಗಡಿಯನ್ನು ಒಂದೊಂದಾಗಿ ಅದರಲ್ಲಿ ಹೊರಳಿಸಿ, ಒತ್ತಿ, ಕೊಡವಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಡಿ. ಹತ್ತು ನಿಮಿಷ ಬಿಟ್ಟರೆ ಬಿಳಿ ಪುಡಿ ಅಲ್ಲಲ್ಲಿ ತೇವ ಹೀರಿ ಮಚ್ಚೆ ಮಚ್ಚೆಯಾಗಿರುತ್ತೆ. ಆಗ ಇನ್ನೊಮ್ಮೆ ಹೊರಳಿಸಿ. ಈ ಎರಡನೇ ಸಲದ ಪುಡಿಯೇ ಕರಿದಾಗ ಮೇಲೆ ಸಣ್ಣ ಸಣ್ಣ ಹರಳಿನ ಹಾಗೆ ನಿಲ್ಲೋದು.

ಎಣ್ಣೆ ಕಡಲೆಕಾಯಿಯದ್ದೋ ಸೂರ್ಯಕಾಂತಿಯದ್ದೋ ಆಗಬಹುದು. ಎರಡು ಸಲ ಕರಿಯಬೇಕು. ಮೊದಲು 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೂವರೆ ನಿಮಿಷ, ಬಣ್ಣ ಬರಬಾರದು. ತೆಗೆದು ಐದು ನಿಮಿಷ ಬಿಡಿ. ಒಳಗಿನ ತೇವ ಮೇಲಕ್ಕೆ ಬರುತ್ತೆ. ಆಮೇಲೆ ಎಣ್ಣೆಯನ್ನು 190ಕ್ಕೆ ಕಾಯಿಸಿ ಬರೀ ಅರ್ಧ ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಿಟಿಕೆ ಕಲಸಿದ ಹಿಟ್ಟು ಬಿಡಿ: ಅರ್ಧ ಮುಳುಗಿ ಮೇಲೆದ್ದರೆ ಮೊದಲ ಸಲಕ್ಕೆ ಸರಿ, ಮುಳುಗದೆ ಮೇಲೆಯೇ ಚುರ್ರೆಂದು ಓಡಾಡಿದರೆ ಎರಡನೇ ಸಲಕ್ಕೆ ಸರಿ. ಒಂದು ಸಲಕ್ಕೆ ಎಂಟು-ಹತ್ತಕ್ಕಿಂತ ಹೆಚ್ಚು ಹಾಕಬೇಡಿ. ಸೀಗಡಿ ಅರ್ಧಚಂದ್ರದ ಹಾಗೆ ಬಾಗಿದ್ದರೆ ಬೆಂದಿದೆ ಅಂತ. ಬಳೆಯ ಹಾಗೆ ಸುತ್ತಿಕೊಂಡಿದ್ದರೆ ಕೈಮೀರಿದೆ.

ತೆಗೆದದ್ದನ್ನು ಪೇಪರ್ ಮೇಲೆ ರಾಶಿ ಹಾಕೋದು ನಮ್ಮೆಲ್ಲರ ದುರಭ್ಯಾಸ. ಅಡಿಯಲ್ಲಿ ಆವಿ ಸಿಕ್ಕಿಬಿದ್ದು ಕೆಳಗಿನವು ಬೆವರುತ್ತವೆ. ಜಾಲರಿಯೋ ಬಿದಿರಿನ ಬುಟ್ಟಿಯೋ ಇದ್ದರೆ ಗಾಳಿಯಾಡುತ್ತೆ.

ಇನ್ನು ಸಾಸ್. ಫ್ರಿಜ್ಜಿಂದ ಆಗಷ್ಟೇ ತೆಗೆದ ತಣ್ಣನೆ ಸಾಸ್ ಬೇಡ. ಕರಿದ ಸೀಗಡಿಯ ಹಬೆ ಒಂದು ನಿಮಿಷ ಆರಲಿ, ಆಮೇಲೆ ಅಗಲ ಪಾತ್ರೆಯಲ್ಲಿ ಮೊದಲು ಸಾಸ್, ಮೇಲೆ ಸೀಗಡಿ ಹಾಕಿ ಎರಡು ಸಲ ಎಗರಿಸಿ, ತಟ್ಟೆಗೆ. ಅರ್ಧ ಕೆಜಿಗೆ ಐದಾರು ದೊಡ್ಡ ಚಮಚ ಸಾಕು, ಉಳಿದದ್ದು ಬಟ್ಟಲಲ್ಲಿ ಪಕ್ಕಕ್ಕಿರಲಿ. ಮುಖ್ಯವಾಗಿ, ತಿನ್ನುವವರು ಕೂತ ಮೇಲೆ ಕಲಸಬೇಕು. ಒಂದು ಜುಲೈ ರಾತ್ರಿ, ಕರೆಂಟಿಲ್ಲ, ಹೊರಗೆ ಜಡಿಮಳೆ, ಹನ್ನೆರಡು ಜನ ಅತಿಥಿಗಳು. ಜಾಣತನ ಮಾಡಿ ಎಲ್ಲವನ್ನೂ ಮೊದಲೇ ಕಲಸಿಟ್ಟೆ. ಇಪ್ಪತ್ತು ನಿಮಿಷ ಬಿಟ್ಟು ಬಡಿಸಿದಾಗ ನಮ್ಮ ಮಾವನವರು ಮೇಣದಬತ್ತಿ ಹತ್ತಿರ ಹಿಡಿದು ನೋಡಿ, "ಗೊಜ್ಜು ಚೆನ್ನಾಗಿದೆ ಕಣಮ್ಮ, ರೊಟ್ಟಿ ಇದೆಯಾ?" ಅಂದರು. ಅಕ್ಕಿರೊಟ್ಟಿ ತಟ್ಟಿ ಕೊಟ್ಟೆ. ನಿಜ ಹೇಳಬೇಕಂದ್ರೆ ಆ ಜೋಡಿ ಕೆಟ್ಟದಾಗೇನೂ ಇರಲಿಲ್ಲ.

ಪ್ರಶ್ನೆ: ಸಾಸಿಗೆ ಮಯೋನೀಸ್ ಬೇಕೇ ಬೇಕಾ? ಹಸಿ ಮೊಟ್ಟೆಯದ್ದು ಅಂದ್ರೆ ಹೆದರಿಕೆ. ಶ್ರೀರಾಚಾ, ಸ್ವೀಟ್ ಚಿಲ್ಲಿ ಸಾಸ್ ನಮ್ಮೂರಲ್ಲಿ ಸಿಗಲ್ಲ. (ಕಾಫಿ ಬೆಳೆಗಾರರ ಮನೆಯವರು, ಕೊಪ್ಪ)

ಉತ್ತರ: ಹೆದರಿಕೆ ಸುಮ್ಮನೆ ಅಲ್ಲ. ಹಸಿ ಮೊಟ್ಟೆಯ ಮಯೋನೀಸನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದವು. ಅಂಗಡಿಯ ಮೊಟ್ಟೆರಹಿತ ಮಯೋನೀಸ್ ತರಬಹುದು, ಆದರೆ ಪ್ಯಾಕೆಟ್ ಹಿಂದೆ ಕೊಬ್ಬಿನ ಅಂಶ ನೋಡಿ ತನ್ನಿ. ಎಣ್ಣೆ ಕಮ್ಮಿ ಇದ್ದಷ್ಟೂ ನೀರು ಜಾಸ್ತಿ, ನೀರು ಜಾಸ್ತಿ ಇದ್ದಷ್ಟೂ ಸೀಗಡಿ ಬೇಗ ಮೆತ್ತಗಾಗುತ್ತೆ. ಈ ಒಂದು ಅಡುಗೆಯಲ್ಲಿ 'ಲೈಟ್' ಅನ್ನೋದು ಉಪಯೋಗಕ್ಕೆ ಬರಲ್ಲ.

ನಾನು ಮಾಡೋದು ಕಟ್ಟಿದ ಮೊಸರಿನಲ್ಲಿ. ಅರ್ಧ ಲೀಟರ್ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೇ ರಾತ್ರಿಯಿಡೀ ನೇತುಹಾಕಿ. ಹೊರಗಿಟ್ಟರೆ ಹುಳಿ ಬರುತ್ತೆ. ಬೆಣ್ಣೆಯಂತೆ ಉಳಿದದ್ದಕ್ಕೆ ಎರಡು ಚಮಚ ಮನೆಯ ಹಾಲಿನ ಕೆನೆ, ಎರಡು ಚಮಚ ಎಣ್ಣೆ ಹಾಕಿ ನಯವಾಗುವವರೆಗೆ ಕಡೆಯಿರಿ.

ಖಾರಕ್ಕೆ ಶ್ರೀರಾಚಾ ಯಾಕೆ ಹುಡುಕ್ತೀರಿ, ತೋಟದಲ್ಲಿ ಸೂಜಿಮೆಣಸು ಇರುವಾಗ? ಶ್ರೀರಾಚಾ ಅಂದರೆ ಥಾಯ್ಲೆಂಡಿನ ಕಡಲತಡಿಯ ಒಂದು ಊರಿನ ಹೆಸರು. ಅಲ್ಲಿಯವರೂ ತಮ್ಮ ಕೈಗೆ ಸಿಕ್ಕ ಮೆಣಸಿನಕಾಯಿಂದಲೇ ಮಾಡಿದ್ದು. ಆರು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿ. ಅದು ಬಣ್ಣಕ್ಕೆ, ಅದರಲ್ಲಿ ಖಾರ ಹೇಳಿಕೊಳ್ಳುವಷ್ಟಿಲ್ಲ. ಖಾರಕ್ಕೆ ನಾಲ್ಕು ಹಣ್ಣಾದ ಸೂಜಿಮೆಣಸು. ಇವೆರಡನ್ನೂ ನಾಲ್ಕು ಎಸಳು ಬೆಳ್ಳುಳ್ಳಿ ಜೊತೆ ತರಿತರಿಯಾಗಿ ರುಬ್ಬಿ, ಕಾಲು ಕಪ್ ನೀರು, ಮೂರು ಚಮಚ ಸಕ್ಕರೆ, ಎರಡು ಚಮಚ ವಿನಿಗರ್, ಚಿಟಿಕೆ ಉಪ್ಪು ಹಾಕಿ ಕುದಿಸಿ. ಅರ್ಧ ಚಮಚ ಕಾರ್ನ್‌ಫ್ಲೋರ್ ಕದಡಿ ಬಿಟ್ಟರೆ ಚಮಚಕ್ಕೆ ಅಂಟುವಷ್ಟು ಗಟ್ಟಿಯಾಗುತ್ತೆ. ಸಕ್ಕರೆ ಬದಲು ಜೋನಿ ಬೆಲ್ಲ ಹಾಕಿದರೆ ಬಣ್ಣ ಕಪ್ಪಾಗುತ್ತೆ, ರುಚಿ ಮಾತ್ರ ಒಂದು ಕೈ ಮೇಲೆ. ವಿನಿಗರ್ ಜಾಗಕ್ಕೆ ಉಪ್ಪಾಗೆ ಹುಳಿಯನ್ನೂ ಒಮ್ಮೆ ಹಾಕಿ ನೋಡಿದೆ. ಅದು ಹಂದಿ ಮಾಂಸಕ್ಕೇ ಸರಿ, ಇಲ್ಲಿ ಬೇಡ.

ಪೂರ್ತಿ ಆರಿದ ಮೇಲೆ ಮೊಸರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಬಿಸಿಯಲ್ಲೇ ಹಾಕಿದರೆ ಮೊಸರು ಒಡೆಯುತ್ತೆ. ಸೂಜಿಮೆಣಸು ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ ಅಂತ ಕೊಪ್ಪದವರಿಗೆ ಹೇಳುವ ಅಗತ್ಯ ಇಲ್ಲ.

ಪ್ರಶ್ನೆ: ಮಂಗಳೂರಿಂದ ಬರುವ ಸೀಗಡಿ ಸಕಲೇಶಪುರಕ್ಕೆ ತಲುಪೋಷ್ಟರಲ್ಲಿ ತಾಜಾ ಇರುತ್ತಾ? ತಲೆ ಹತ್ತಿರ ಕಪ್ಪಾಗಿದ್ದರೆ ಕೊಳೆತಿದೆ ಅಂತಲಾ? (ಶಿಕ್ಷಕರು, ಸಕಲೇಶಪುರ)

ಉತ್ತರ: ದಾರಿಗಿಂತ ಐಸ್ ಮುಖ್ಯ. ಶಿರಾಡಿ ಹತ್ತಿ ಬರಲಿ, ಚಾರ್ಮಾಡಿ ಹತ್ತಿ ಬರಲಿ, ಡಬ್ಬಿಯಲ್ಲಿ ಐಸ್ ಇನ್ನೂ ಗಟ್ಟಿಯಾಗಿದ್ದರೆ ಧೈರ್ಯವಾಗಿ ಕೊಳ್ಳಿ. ನಮ್ಮ ಕಡೆ ಬೈಕಿನಲ್ಲಿ ಹಾರ್ನ್ ಹೊಡೆಯುತ್ತಾ ಬರುವ ಮೀನಿನವರ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆಸಿ, ಮೇಲಿನದ್ದಲ್ಲ, ಅಡಿಯದ್ದನ್ನು ಎತ್ತಿ ಮೂಸಿ ನೋಡಿ. ಕಡಲ ನೀರಿನ ವಾಸನೆ ಇರಬೇಕು. ಮೂಗಿಗೆ ಅಮೋನಿಯಾ ಚುಚ್ಚಿದರೆ ವಾಪಸ್ ಹಾಕಿ.

ಕಪ್ಪು ಚುಕ್ಕೆಯೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವ ಥರದ್ದೇ ಕ್ರಿಯೆ ಅದು, ಕೊಳೆತದ್ದಲ್ಲ. ಆದರೆ ಹಿಡಿದು ಹೊತ್ತಾಗಿದೆ ಅನ್ನೋದಕ್ಕೆ ಗುರುತು. ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡು, ತಲೆ ಜೋತುಬೀಳದಿದ್ದರೆ ತಿನ್ನಬಹುದು. ತಲೆ-ಸಿಪ್ಪೆ ಸಹಿತ ಒಂದು ಕೆಜಿ ತಂದರೆ ಕೈಗೆ ಉಳಿಯೋದು ಅರ್ಧ ಕೆಜಿ ಆಸುಪಾಸು. ಲೆಕ್ಕ ಹಾಕಿಯೇ ನೆಂಟರನ್ನು ಕರೆಯಿರಿ. ಬೆನ್ನಿನ ಕಪ್ಪು ನೂಲು ಸೀಗಡಿಯ ಕರುಳು. ಹಲ್ಲುಕಡ್ಡಿಯಲ್ಲಿ ಎತ್ತಿ ಎಳೆದರೆ ಬರುತ್ತೆ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆ ದಿನಗಳಲ್ಲಿ ಫ್ರೋಜನ್ ಪ್ಯಾಕೆಟ್ಟೇ ವಾಸಿ. ಅದರ ಮೇಲೆ 31/40 ಅಂತೆಲ್ಲ ಬರೆದಿರುತ್ತೆ. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಇಷ್ಟು ಸೀಗಡಿ ಅಂತ ಅರ್ಥ. ಈ ಅಡುಗೆಗೆ ಅದೇ ಗಾತ್ರ ಸರಿ. ಇನ್ನೂ ಸಣ್ಣದಾದರೆ ಹಿಟ್ಟೇ ಜಾಸ್ತಿಯಾಗುತ್ತೆ.

ಪ್ರಶ್ನೆ: ಏರ್ ಫ್ರೈಯರ್‌ನಲ್ಲಿ ಆಗುತ್ತಾ? (ಚಿಕ್ಕಮಗಳೂರು)

ಉತ್ತರ: ಆಗುತ್ತೆ. ಒಣ ಕಾರ್ನ್‌ಫ್ಲೋರ್ ಎಣ್ಣೆ ಇಲ್ಲದೆ ಸುಣ್ಣದ ಹಾಗೆ ಬಿಳಿಯಾಗಿಯೇ ಉಳಿಯೋದರಿಂದ ಬ್ರೆಡ್ ಪುಡಿಗೆ ಎರಡು ಚಮಚ ಎಣ್ಣೆ ಕಲಸಿ, ಹುರಿದು, ಅದನ್ನು ಹೊದಿಸಿ. ತಿನ್ನಲು ಚೆನ್ನಾಗಿರುತ್ತೆ, ಹೋಟೆಲಿನದ್ದರ ಹಾಗಿರಲ್ಲ.

ಪ್ರಶ್ನೆ: ನಮ್ಮ ನಾದಿನಿಗೆ ಸೀಗಡಿ ತಿಂದರೆ ತುಟಿ ಊದಿ, ಮೈಯೆಲ್ಲ ಗಂಧೆ ಏಳುತ್ತೆ. ಚೆನ್ನಾಗಿ ಕರಿದು ಒಂದೆರಡು ಕೊಟ್ಟರೆ ಪರವಾಗಿಲ್ಲವಾ? (ಅರಸೀಕೆರೆ)

ಉತ್ತರ: ಖಂಡಿತ ಬೇಡ. ಸೀಗಡಿ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಶಾಖಕ್ಕೆ ಬಗ್ಗುವುದಿಲ್ಲ. ಬೇಯಿಸಿ, ಕರಿಯಿರಿ, ಅದು ಹಾಗೇ ಇರುತ್ತೆ. ಹಿಂದಿನ ಸಲ ಬರೀ ತುಟಿ ಊದಿತ್ತು ಅಂತ ಮುಂದಿನ ಸಲವೂ ಅಷ್ಟಕ್ಕೇ ನಿಲ್ಲುತ್ತೆ ಅನ್ನೋ ಖಾತ್ರಿ ಇಲ್ಲ. ಒಮ್ಮೆ ಅಲರ್ಜಿ ತಜ್ಞರಿಗೆ ತೋರಿಸಿ. ನಾದಿನಿಯ ಪಾಲಿಗೆ ಬಟನ್ ಅಣಬೆಯನ್ನು ಎರಡಾಗಿ ಸೀಳಿ, ಇದೇ ಹಿಟ್ಟಿನಲ್ಲಿ ಹೊರಳಿಸಿ ಕರಿಯಿರಿ. ಆದರೆ ಸೀಗಡಿ ಬೆಂದ ಎಣ್ಣೆಯಲ್ಲಲ್ಲ: ಹೊಸ ಎಣ್ಣೆಯಲ್ಲಿ ಅಣಬೆ ಮೊದಲು, ಅವರ ಸಾಸ್ ಬೇರೆ ಬಟ್ಟಲಿಗೆ ತೆಗೆದಿಟ್ಟಾದ ಮೇಲೆ ಸೀಗಡಿ ಪೊಟ್ಟಣ ಬಿಚ್ಚಿ.