ಗಿಟಾರ್, ಪೇಟಿ ಮತ್ತು ಸ್ಯಾಂಪ್ಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ರೋಲ್ಯಾಂಡ್ ಎಸ್‌ಪಿ-404 ಎಂಕೆ2 ಸ್ಯಾಂಪ್ಲರ್ ಒಂದನ್ನು ಒಬ್ಬರು ಬಳಸಿದ ಮೇಲೆ ಕೊಂಡುಕೊಂಡಿದ್ದೇನೆ. ದನಿಯ ತುಣುಕುಗಳನ್ನು ಮುದ್ರಿಸಿಕೊಂಡು, ಪ್ಯಾಡ್ ಎಂಬ ಗುಂಡಿಗಳನ್ನು ಒತ್ತಿದಾಗ ಅವನ್ನು ನುಡಿಸುವ ಯಂತ್ರ ಅದು. ಎಲೆಕ್ಟ್ರಿಕ್ ಗಿಟಾರನ್ನು ಅದರ ಲೈನ್ ಇನ್ ಜ್ಯಾಕಿಗೆ ಸೇರಿಸಿ ಧ್ವನಿಮುದ್ರಿಸಿದರೆ ದನಿಯ ಮೇಲೆ ಕಂಬಳಿ ಹೊದಿಸಿದಂತೆ ಮಂಕಾಗಿ ಕೇಳುತ್ತದೆ, ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದೂ ಇರುತ್ತದೆ. ಪೆಡಲ್‌ಗಳನ್ನು (ಗಿಟಾರಿನ ದನಿಯನ್ನು ಬದಲಿಸುವ ಕಾಲೊತ್ತು ಪೆಟ್ಟಿಗೆಗಳನ್ನು) ಸ್ಯಾಂಪ್ಲರಿಗಿಂತ ಮೊದಲು ಇಡಬೇಕೋ, ನಂತರ ಇಡಬೇಕೋ ಎಂಬುದೂ ತಿಳಿಯುತ್ತಿಲ್ಲ.
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಗಿಟಾರಾಗಲಿ ಯಂತ್ರವಾಗಲಿ ಕೆಟ್ಟಿಲ್ಲ, ಅವೆರಡನ್ನೂ ಸೇರಿಸಿದ ಜಾಗ ಸರಿಯಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಪಿಕಪ್ಪಿನಿಂದ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದಿಂದ, ಹೊರಡುವ ಸಂಕೇತ ಬಹಳ ದುರ್ಬಲವಾದದ್ದು. ಲೈನ್ ಇನ್ ಜ್ಯಾಕುಗಳನ್ನು ಕೀಬೋರ್ಡ್, ಮಿಕ್ಸರ್, ಫೋನ್ ಮುಂತಾದ ಬಲವಾದ ಸಂಕೇತಗಳಿಗಾಗಿ ಮಾಡಿರುತ್ತಾರೆ. ಅವುಗಳ ಪ್ರತಿರೋಧ ಸಾಮಾನ್ಯವಾಗಿ ಕೆಲವು ಹತ್ತು ಸಾವಿರ ಓಮ್‌ಗಳಷ್ಟೇ. ಗಿಟಾರಿಗೆ ಬೇಕಾದದ್ದು ಸುಮಾರು 10 ಲಕ್ಷ ಓಮ್‌ಗಳ ಪ್ರತಿರೋಧ. ಅದಕ್ಕಿಂತ ಬಹಳ ಕಡಿಮೆ ಪ್ರತಿರೋಧವಿರುವ ಕಡೆ ಸೇರಿಸಿದಾಗ ಪಿಕಪ್ಪಿನ ಮೇಲೆ ಹೊರೆ ಬಿದ್ದು ಮೊದಲು ಸಾಯುವುದು ಮೇಲಿನ ಸ್ವರಗಳ ಹೊಳಪು. ಒಮ್ಮೆ ಹೀಗೆ ಮುದ್ರಿತವಾದ ಮೇಲೆ ಟ್ರೆಬಲ್ ಎಷ್ಟು ಏರಿಸಿದರೂ ಆ ಹೊಳಪು ಪೂರ್ತಿಯಾಗಿ ಮರಳುವುದಿಲ್ಲ, ಗದ್ದಲ ಮಾತ್ರ ಹೆಚ್ಚುತ್ತದೆ.

ನಿಮ್ಮ ಯಂತ್ರದಲ್ಲಿಯೇ ಮೈಕ್ ಮತ್ತು ಗಿಟಾರಿಗೆಂದು ಬೇರೆ ಜ್ಯಾಕ್ ಇದೆ. ಅದಕ್ಕೆ ಗಿಟಾರನ್ನು ಸೇರಿಸಿ, ಸೆಟ್ಟಿಂಗಿನಲ್ಲಿ ಗಿಟಾರ್ ಎಂಬುದನ್ನು ಆಯ್ದುಕೊಳ್ಳಿ. ಇಂಥ ಜ್ಯಾಕ್ ಇಲ್ಲದ ಸಣ್ಣ ಸ್ಯಾಂಪ್ಲರ್ ಇಟ್ಟುಕೊಂಡವರು ನಡುವೆ ಬಫರ್ (ಪಿಕಪ್ಪಿನ ಮೇಲೆ ಹೊರೆ ಬೀಳದಂತೆ ಸಂಕೇತವನ್ನು ದಾಟಿಸುವ ಸರ್ಕ್ಯೂಟ್) ಇರುವ ಒಂದು ಪೆಡಲ್ ಇಟ್ಟರೆ ಸಾಕು. ಬಾಸ್ ಕಂಪನಿಯ ಬಹುತೇಕ ಪೆಡಲ್‌ಗಳು ಆಫ್ ಆಗಿದ್ದಾಗಲೂ ಈ ಕೆಲಸವನ್ನು ಮಾಡುತ್ತವೆ, ಆದರೆ ಅವುಗಳಿಗೆ ವಿದ್ಯುತ್ ಪೂರೈಕೆ ಇರಲೇಬೇಕು. 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ ಇರುವ ಅಕೌಸ್ಟಿಕ್ ಗಿಟಾರಿಗೆ ಈ ತೊಂದರೆ ಇಲ್ಲ, ಅದನ್ನು ನೇರವಾಗಿ ಲೈನ್ ಇನ್‌ಗೆ ಕೊಡಬಹುದು.

ಗೇನನ್ನು, ಅಂದರೆ ಒಳಬರುವ ಸಂಕೇತದ ಮಟ್ಟವನ್ನು, ಹೊಂದಿಸುವಾಗ ನೀವು ಅತ್ಯಂತ ಜೋರಾಗಿ ನುಡಿಸುವ ಭಾಗವನ್ನೇ ನುಡಿಸುತ್ತಾ ಹೊಂದಿಸಿ. ಮೀಟರಿನ ತುದಿ ಮುಟ್ಟಿದ ಡಿಜಿಟಲ್ ದನಿ ಒಡೆದು ಹೋಗುತ್ತದೆ, ಅದು ಟ್ಯೂಬ್ ಆಂಪಿನ ಇಂಪಾದ ಒಡಕಲ್ಲ. ನಿಮ್ಮ ಸ್ಯಾಂಪ್ಲರ್ 16 ಬಿಟ್‌ನಲ್ಲಿ ಮುದ್ರಿಸುತ್ತದೆ. ಹಾಗೆಂದರೆ ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ದನಿಗಳ ನಡುವೆ ಸುಮಾರು 96 ಡೆಸಿಬೆಲ್‌ಗಳಷ್ಟು ಅಂತರ ಕೈಯಲ್ಲಿರುತ್ತದೆ. ಆದ್ದರಿಂದ ತುದಿಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಂತರೆ ಏನೂ ನಷ್ಟವಿಲ್ಲ.

ಗುಂಯ್ ಸದ್ದಿನ ಮೂಲವನ್ನು ಹೀಗೆ ಹುಡುಕಿ. ಗಿಟಾರಿನ ವಾಲ್ಯೂಮನ್ನು ಪೂರ್ತಿ ಇಳಿಸಿದಾಗ ಸದ್ದು ನಿಂತರೆ ಅದು ಪಿಕಪ್ಪಿನ ಮೂಲಕ ಬರುತ್ತಿದೆ; ಕುಳಿತಲ್ಲಿಯೇ ದಿಕ್ಕು ಬದಲಿಸಿ ನೋಡಿ, ಫ್ಯಾನಿನ ರೆಗ್ಯುಲೇಟರ್ ಮತ್ತು ಟ್ಯೂಬ್‌ಲೈಟಿನ ಚೋಕ್‌ನಿಂದ ದೂರ ಸರಿಯಿರಿ. ವಾಲ್ಯೂಮ್ ಇಳಿಸಿದರೂ ಸದ್ದು ಉಳಿದರೆ ಸ್ಯಾಂಪ್ಲರನ್ನು ಅಡಾಪ್ಟರಿನಿಂದ ಬಿಡಿಸಿ 6 ಎಎ ಸೆಲ್‌ಗಳ ಮೇಲೆ ನಡೆಸಿ. ಆಗ ಸದ್ದು ಹೋದರೆ ತಪ್ಪು ಅಡಾಪ್ಟರಿನಲ್ಲಿ ಇಲ್ಲವೇ ಎರಡು ಉಪಕರಣಗಳ ನಡುವಿನ ಅರ್ತಿಂಗ್ ಸುತ್ತಿನಲ್ಲಿದೆ. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿದಾಗ ಬರುವ ಸದ್ದಿಗೂ ಹೆಚ್ಚಾಗಿ ಇದೇ ಕಾರಣ. ಉಪಕರಣಗಳ ಅರ್ತಿಂಗನ್ನು ಬೇರ್ಪಡಿಸಿ ಸಂಕೇತವನ್ನಷ್ಟೇ ದಾಟಿಸುವ ಡಿಐ ಬಾಕ್ಸ್ ಅಥವಾ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಅದಕ್ಕೆ ಸರಿಯಾದ ಪರಿಹಾರ. ಸದ್ದು ನಿಲ್ಲಲೆಂದು ಆಂಪಿನ ಪ್ಲಗ್ಗಿನಲ್ಲಿರುವ ಅರ್ತ್ ಪಿನ್ನನ್ನು ತೆಗೆಯುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ಎಂದಿಗೂ ಮಾಡಬೇಡಿ. ಕೈಯಲ್ಲಿ ತಂತಿ, ತುಟಿಯ ಹತ್ತಿರ ಮೈಕ್ ಇರುವ ಮನುಷ್ಯನ ಪ್ರಾಣವನ್ನು ಆ ಪಿನ್ ಕಾಯುತ್ತಿರುತ್ತದೆ.

ಇನ್ನು ಪೆಡಲ್‌ಗಳ ಸ್ಥಾನ. ಸ್ಯಾಂಪ್ಲರಿಗಿಂತ ಮೊದಲು ಇಟ್ಟದ್ದು ತುಣುಕಿನಲ್ಲಿ ಶಾಶ್ವತವಾಗಿ ಸೇರಿಬಿಡುತ್ತದೆ. ನಂತರ ಇಟ್ಟದ್ದು ಪ್ಯಾಡ್‌ಗಳಿಂದ ಹೊರಡುವ ಎಲ್ಲ ದನಿಗಳ ಮೇಲೂ ಬೀಳುತ್ತದೆ. ಆದ್ದರಿಂದ ಓವರ್‌ಡ್ರೈವ್, ವಾವಾ, ಕಂಪ್ರೆಸರ್‌ಗಳನ್ನು ಮೊದಲೇ ಇಡಿ, ಏಕೆಂದರೆ ಅವು ನಿಮ್ಮ ಬೆರಳಿನ ಒತ್ತಿಗೆ ಉತ್ತರ ಕೊಡುವ ಪೆಡಲ್‌ಗಳು. ರಿವರ್ಬ್ ಮತ್ತು ಡಿಲೇಗಳನ್ನು ಮುದ್ರಿಸದಿರುವುದೇ ಮೇಲು: ಲೂಪಿನ, ಅಂದರೆ ಮತ್ತೆ ಮತ್ತೆ ನುಡಿಯುವ ತುಣುಕಿನ, ಕೊನೆಯಲ್ಲಿ ಅವುಗಳ ಬಾಲ ಕತ್ತರಿಸಿದಂತಾಗಿ ಪ್ರತಿ ಸುತ್ತಿನಲ್ಲೂ ಒಂದು ಎಡವು ಕೇಳುತ್ತದೆ. ಅವು ಬೇಕೆನಿಸಿದಾಗ ಯಂತ್ರದೊಳಗಿನ ಎಫೆಕ್ಟ್ ಹಾಕಿ ಮತ್ತೊಂದು ಪ್ಯಾಡಿಗೆ ರಿಸ್ಯಾಂಪಲ್ (ಮರುಮುದ್ರಣ) ಮಾಡಿ, ಮೂಲ ತುಣುಕನ್ನು ಹಾಗೆಯೇ ಉಳಿಸಿಕೊಳ್ಳಿ.

ಕೊನೆಯ ಕೊಂಡಿಯನ್ನೂ ಗಮನಿಸಿ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ದನಿಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಓವರ್‌ಡ್ರೈವ್ ಗಿಟಾರಿಗೆ ಅದು ಒಳ್ಳೆಯದೇ, ಆದರೆ ಅದೇ ಆಂಪಿನಿಂದ ಡ್ರಮ್ಮಿನ ತುಣುಕನ್ನು ನುಡಿಸಿದರೆ ಸಿಂಬಲ್ ತಾಳಗಳ ಮಿಂಚು ಕಾಣೆಯಾಗುತ್ತದೆ. ಸ್ಯಾಂಪ್ಲರಿನ ಲೈನ್ ಔಟನ್ನು ಮಿಕ್ಸರಿಗೆ ಇಲ್ಲವೇ ಕೀಬೋರ್ಡ್ ಆಂಪಿಗೆ ಕೊಡಿ. ಆಗ ಓವರ್‌ಡ್ರೈವ್ ಗಿಟಾರ್ ಕರ್ಕಶವೆನಿಸಿದರೆ, ಈ ಯಂತ್ರದ ಇನ್‌ಪುಟ್ ಎಫೆಕ್ಟ್‌ಗಳಲ್ಲಿರುವ ಗಿಟಾರ್ ಆಂಪಿನ ಅನುಕರಣೆಯನ್ನು ಬಳಸಿ.

ಪ್ರಶ್ನೆ: ನಮ್ಮ ಭಜನಾ ಮೇಳದಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ, ತಾಳ ಮತ್ತು ಏಕತಾರಿ ಇವೆ, ನಾನು ಗಿಟಾರ್ ನುಡಿಸುತ್ತೇನೆ. ತಬಲಾ ನುಡಿಸುವವರು ಬರದ ದಿನ ಸ್ಯಾಂಪ್ಲರಿನಲ್ಲಿ ಠೇಕಾದ (ತಾಳದ ಮೂಲ ಪೆಟ್ಟುಗಳ) ಲೂಪ್ ಹಾಕಿದರೆ ಹಾಡುವ ಹಿರಿಯರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಶ್ರುತಿಯೂ ಕೂಡುವುದಿಲ್ಲ. ಎರಡೂ ಕೈ ಗಿಟಾರಿನ ಮೇಲಿರುವಾಗ ಪ್ಯಾಡ್ ಒತ್ತುವುದು ಹೇಗೆ?
— ಓದುಗರೊಬ್ಬರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಹಿರಿಯರು ಹಾಡುತ್ತಿರುವ ರೀತಿಯೇ ಸರಿ, ಬದಲಾಗಬೇಕಾದದ್ದು ಯಂತ್ರವನ್ನು ಬಳಸುವ ಕ್ರಮ. ನಮ್ಮ ಕಡೆಯ ತತ್ವಪದವಾಗಲಿ ಭಜನೆಯಾಗಲಿ ನಿಧಾನವಾಗಿ ಎತ್ತಿಕೊಂಡು, ಪಲ್ಲವಿಗೆ ಮರಳಿದಂತೆಲ್ಲ ಲಯ ಏರುತ್ತಾ ಹೋಗುವ ಹಾಡುಗಾರಿಕೆ. ನಿಮಿಷಕ್ಕೆ 90 ಮಾತ್ರೆಗಳ ಗತಿಯಲ್ಲಿ 8 ಮಾತ್ರೆಯ ಕೆಹರವಾ ತಾಳದ ಒಂದು ಆವರ್ತನಕ್ಕೆ 5.33 ಸೆಕೆಂಡ್ ಬೇಕು; ಗತಿ 120ಕ್ಕೆ ಏರಿದರೆ ಅದೇ ಆವರ್ತನ 4 ಸೆಕೆಂಡಿನಲ್ಲಿ ಮುಗಿಯುತ್ತದೆ. ಮೊದಲ ಅಳತೆಗೆ ಕತ್ತರಿಸಿದ ಲೂಪ್ ಎರಡನೆಯದಕ್ಕೆ ತಾನಾಗಿ ಬರುವುದಿಲ್ಲ. ಹಾಡುವವರು ಯಂತ್ರಕ್ಕಾಗಿ ಕಾಯುವ ಸ್ಥಿತಿ ಬಂದರೆ ಹಾಡಿನ ಭಾವವೇ ಕೆಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಇಂಥ ಹಾಡುಗಳಲ್ಲಿ ಲೂಪ್ ಬಿಡಿ. ತಬಲಾದ ಬಿಡಿ ಪೆಟ್ಟುಗಳನ್ನು, ಅಂದರೆ ಧಾ, ಗೆ, ನಾ, ತಿಂ ಇವುಗಳನ್ನು ಒಂದೊಂದು ಪ್ಯಾಡಿಗೆ ಹಾಕಿ, ಗಿಟಾರ್ ನುಡಿಸದ ಇನ್ನೊಬ್ಬರ ಕೈಗೆ ಯಂತ್ರವನ್ನು ಕೊಡಿ. ಲಯ ಬಲ್ಲ ಹುಡುಗ ಹುಡುಗಿಯರು ಮೇಳದಲ್ಲಿ ಇದ್ದೇ ಇರುತ್ತಾರೆ, ಅವರ ಬೆರಳು ಹಾಡನ್ನು ಹಿಂಬಾಲಿಸುತ್ತದೆ. ಸಮಗತಿಯ ಹಾಡುಗಳಿಗೆ ಲೂಪ್ ಬೇಕೇ ಆದರೆ ಅದೂ ಆಗುತ್ತದೆ. ಯಂತ್ರಗಳ ಎಣಿಕೆ ಸಾಮಾನ್ಯವಾಗಿ ನಾಲ್ಕರ ಗುಂಪಿನದು. 7 ಮಾತ್ರೆಯ ಹಿಂದೂಸ್ತಾನಿ ರೂಪಕ ತಾಳವನ್ನು ಅದಕ್ಕೆ ಒಗ್ಗಿಸುವ ಬದಲು ಇಡೀ ಆವರ್ತನವನ್ನು ಒಂದೇ ತುಣುಕಾಗಿ ಮುದ್ರಿಸಿ, ಮುಂದಿನ ಸಮ್ (ಆವರ್ತನದ ಮೊದಲ ಮಾತ್ರೆ) ಬೀಳುವ ಕ್ಷಣಕ್ಕೆ ಸರಿಯಾಗಿ ಕತ್ತರಿಸಿ.

ಸ್ಯಾಂಪ್ಲರ್ ನಿಮ್ಮ ಮೇಳಕ್ಕೆ ನಿಜವಾಗಿ ನೆರವಾಗುವುದು ಶ್ರುತಿಯಲ್ಲಿ. ಏಕತಾರಿಯನ್ನು ಮೈಕಿನ ಮುಂದೆ ಅರ್ಧ ನಿಮಿಷ ಮೀಟಿ ಮುದ್ರಿಸಿಕೊಂಡರೆ, ಲಯ ಎಷ್ಟು ಏರಿದರೂ ಆಧಾರಶ್ರುತಿಗೆ ಧಕ್ಕೆಯಾಗುವುದಿಲ್ಲ. ಆದರೆ ಕ್ರಮ ಮುಖ್ಯ: ಪೇಟಿಯ ರೀಡುಗಳನ್ನು ವೇದಿಕೆಯ ಮೇಲೆ ತಿದ್ದಲಾಗದ ಕಾರಣ ಉಳಿದೆಲ್ಲವೂ ಅದಕ್ಕೆ ಹೊಂದಿಕೊಳ್ಳಬೇಕು. ಫೋನಿನ ಟ್ಯೂನರ್ 440 ಹರ್ಟ್ಸ್ ಅಳತೆಗೆ ನಿಂತಿರುತ್ತದೆ, ಹಳೆಯ ಪೇಟಿ ಹಾಗೆ ನಿಂತಿರಬೇಕೆಂದಿಲ್ಲ. ಮೊದಲು ಪೇಟಿಯ ಸ್ವರವನ್ನು ಟ್ಯೂನರಿಗೆ ಕೇಳಿಸಿ ಅದರ ಅಳತೆಯನ್ನೇ ಬದಲಿಸಿ, ನಂತರ ಗಿಟಾರ್ ಮತ್ತು ಏಕತಾರಿಯನ್ನು ಕೂಡಿಸಿ, ಆಮೇಲೆ ಮುದ್ರಿಸಿ. ಹಾಡುವವರು ಪೇಟಿಯ ಕರಿ ಒಂದರ ಶ್ರುತಿಯಿಂದ ಬಿಳಿ ಎರಡರ ಶ್ರುತಿಗೆ ಹೋದರೆ ತುಣುಕನ್ನು ಅರ್ಧ ಸ್ವರ ಏರಿಸಬೇಕಾಗುತ್ತದೆ. ವೇಗವನ್ನು ಹೆಚ್ಚಿಸಿ ಏರಿಸಿದರೆ ಅದು ಸುಮಾರು ಶೇ 6ರಷ್ಟು ಬೇಗ ಓಡಿ, 10 ಸೆಕೆಂಡಿನದು 9.44 ಸೆಕೆಂಡಾಗುತ್ತದೆ. ಶ್ರುತಿಯ ನಾದಕ್ಕೆ ಇದರಿಂದ ತೊಂದರೆಯಿಲ್ಲ, ಠೇಕಾಕ್ಕೆ ಇದೆ.

ಕೈಗಳ ಪ್ರಶ್ನೆಗೆ ಎರಡು ದಾರಿ. ಮಿಡಿ ಸಂಕೇತ (ವಾದ್ಯಯಂತ್ರಗಳ ನಡುವಿನ ಡಿಜಿಟಲ್ ಆದೇಶ) ಕಳಿಸುವ ಕಾಲೊತ್ತು ಪೆಡಲ್ ಇದ್ದರೆ ಪ್ಯಾಡ್‌ಗಳನ್ನು ಕಾಲಿನಿಂದಲೇ ನುಡಿಸಬಹುದು. ಸಣ್ಣ ಯಂತ್ರಗಳಲ್ಲಿ ಮಿಡಿ ಜ್ಯಾಕ್ 3.5 ಮಿಲಿಮೀಟರಿನದಾಗಿದ್ದು, ಅದರ ತಂತಿ ಜೋಡಣೆಯಲ್ಲಿ ಎ ಮತ್ತು ಬಿ ಎಂಬ ಎರಡು ಬಗೆಗಳಿರುವುದರಿಂದ ಕೇಬಲ್ ಕೊಳ್ಳುವ ಮುನ್ನ ಕೈಪಿಡಿಯನ್ನು ನೋಡಿ. ಅಭ್ಯಾಸದ ಹೊತ್ತಿಗಾದರೆ ಎಸ್‌ಪಿ-404 ಎಂಕೆ2ರಲ್ಲಿರುವ ಸ್ಕಿಪ್ ಬ್ಯಾಕ್ ಸಾಕು. ಆಗಲೇ ನುಡಿಸಿ ಮುಗಿಸಿದ ಸುಮಾರು 25 ಸೆಕೆಂಡುಗಳನ್ನು ಅದು ನೆನಪಿನಲ್ಲಿಟ್ಟಿರುತ್ತದೆ, ಚೆನ್ನಾಗಿ ಬಂದ ಆಲಾಪದ ತುಣುಕು ಕೈತಪ್ಪುವುದಿಲ್ಲ.

ಪ್ರಶ್ನೆ: ಜಾತ್ರೆಯಲ್ಲಿ ಹಾಡಿದ ಹಿರಿಯ ತತ್ವಪದಕಾರರೊಬ್ಬರ ದನಿಯನ್ನು ಮುದ್ರಿಸಿಕೊಂಡಿದ್ದೇನೆ. ಅದನ್ನು ಕತ್ತರಿಸಿ ನನ್ನ ಗಿಟಾರಿನೊಂದಿಗೆ ಸೇರಿಸಿ ಪ್ರಕಟಿಸಬಹುದೆ? ಪದ ಹಳೆಯದು.
— ಓದುಗರೊಬ್ಬರು, ಬಸವಕಲ್ಯಾಣ, ಬೀದರ್ ಜಿಲ್ಲೆ

ಉತ್ತರ: ಪದ ಹಳೆಯದಾದರೂ ದನಿ ಅವರದು. ಕಡಕೋಳ ಮಡಿವಾಳಪ್ಪನವರಂಥವರ ಪದಗಳ ಸಾಹಿತ್ಯಕ್ಕೆ ಈಗ ಕೃತಿಸ್ವಾಮ್ಯದ ತಡೆ ಇಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ. 2012ರ ತಿದ್ದುಪಡಿಯ ನಂತರ ತಮ್ಮ ಹೆಸರನ್ನು ಹೇಳಬೇಕೆಂದು ಕೇಳುವ, ಗೌರವಕ್ಕೆ ಕುಂದು ತರುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕೂ ಅವರಿಗಿದೆ. ಕ್ಯಾಸೆಟ್ಟಿನಿಂದ ಅಥವಾ ಸಿ.ಡಿ.ಯಿಂದ ತೆಗೆದುಕೊಂಡರೆ ಧ್ವನಿಮುದ್ರಣದ ಒಡೆಯರ ಹಕ್ಕು ಬೇರೆಯೇ ಇರುತ್ತದೆ. ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ.

ಕಾಯ್ದೆಯ ಮಾತು ಹಾಗಿರಲಿ, ಅವರ ಮನೆಗೆ ಹೋಗಿ ನೀವು ಮಾಡಿದ್ದನ್ನು ಇಯರ್‌ಫೋನಿನಲ್ಲಿ ಅಲ್ಲ, ಸ್ಪೀಕರಿನಲ್ಲಿ ಎಲ್ಲರೆದುರು ಕೇಳಿಸಿ. ಗುರುವಿನ ಅಂಕಿತ ಬರುವ ಸಾಲನ್ನು ನಡುವೆ ತುಂಡರಿಸಿದ್ದರೆ ಅವರು ನೊಂದುಕೊಳ್ಳುವುದು ಸಹಜ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಹಣ ಬಂದರೆ ಅವರ ಪಾಲೆಷ್ಟು ಎಂಬುದನ್ನೂ ಅದರಲ್ಲಿಯೇ ಬರೆಯಿರಿ, ಹಾಡಿನ ಜೊತೆ ಅವರ ಹೆಸರನ್ನು ಮುಂದೆಯೇ ಹಾಕಿ.

ಪ್ರಶ್ನೆ: ಬೇಸಿಗೆಯಲ್ಲಿ ಸ್ಯಾಂಪ್ಲರನ್ನು ಊರಿಂದೂರಿಗೆ ಒಯ್ಯುವಾಗ ಏನು ಜಾಗ್ರತೆ ವಹಿಸಬೇಕು?
— ಓದುಗರೊಬ್ಬರು, ಸೇಡಂ

ಉತ್ತರ: ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಬೇಡಿ. ಬಳಸದ ದಿನಗಳಲ್ಲಿ ಸೆಲ್‌ಗಳನ್ನು ಹೊರಗೆ ತೆಗೆದಿಡಿ, ಸೋರಿದ ಸೆಲ್ ಒಳಗಿನ ಸಂಪರ್ಕಗಳನ್ನು ತಿಂದುಹಾಕುತ್ತದೆ. ಕರೆಂಟ್ ಹೋಗುವ ಊರುಗಳಿಗೆ ರೀಚಾರ್ಜ್ ಸೆಲ್‌ಗಳ ಎರಡು ಪೂರ್ಣ ಸೆಟ್ ಇರಲಿ. ಟೈಪ್-ಸಿ ಮೂಲಕ ನಡೆಯುವ ಯಂತ್ರವಾದರೆ ಪವರ್ ಬ್ಯಾಂಕ್ ಸಾಕು. 48,000 ಹರ್ಟ್ಸ್‌ನ ಸ್ಟೀರಿಯೊ ಮುದ್ರಣದ ಒಂದು ನಿಮಿಷಕ್ಕೆ ಹಿಡಿಯುವ ಜಾಗ ಸುಮಾರು 11.5 ಎಂಬಿ ಮಾತ್ರ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಎಲ್ಲ ಪ್ರಾಜೆಕ್ಟ್‌ಗಳ ಪ್ರತಿಯನ್ನು ಎಸ್‌ಡಿ ಕಾರ್ಡಿಗೆ ತೆಗೆದು, ಆ ಕಾರ್ಡನ್ನು ಯಂತ್ರದ ಚೀಲದಲ್ಲಿ ಇಡದೆ ಬೇರೆ ಕಡೆ ಇಟ್ಟುಕೊಳ್ಳಿ.