ಅರಮನೆ ಸಿಕ್ಕಿತು, ಊರೆಲ್ಲಿ?

ನಮಸ್ಕಾರ.

ನೀವು ಕಳಿಸಿದ ‘ಶಾಪದ ಅರಮನೆ’ ಲೇಖನ ಓದಿದೆ. ಪ್ರಾಗ್ ಊರಿನ ಉತ್ತರಕ್ಕಿರುವ ಪಾನೆನ್ಸ್ಕೆ ಬ್ರೆಝನಿ ಅನ್ನೋ ಪುಟ್ಟ ಹಳ್ಳಿ, ಅಲ್ಲಿನ ಅರಮನೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಜೆಕ್ ನೆಲವನ್ನು ಆಳುತ್ತಾ ಅಲ್ಲಿ ವಾಸವಿದ್ದ ನಾಜಿ ಅಧಿಕಾರಿ ರೈನ್‌ಹಾರ್ಡ್ ಹೈಡ್ರಿಖ್, ಕೊನೆಗೆ ಅವನ ಹತ್ಯೆ. ಇಷ್ಟು ನಿಮ್ಮ ಲೇಖನ. ಈಗಿರುವ ಹಾಗೆ ಇದನ್ನು ಪ್ರಕಟಿಸೋಕೆ ಆಗೋದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸ್ ಕಳಿಸೋಕೂ ಮನಸ್ಸಾಗಲಿಲ್ಲ. ವಿಷಯ ಅಷ್ಟು ಒಳ್ಳೆಯದು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. ಬೊಹೀಮಿಯಾದ ರಾಜರು, ಹುಸ್ಸೈಟ್ ಯುದ್ಧ, ಮೂವತ್ತು ವರ್ಷಗಳ ಯುದ್ಧ, ಹಾಬ್ಸ್‌ಬರ್ಗ್ ದೊರೆಗಳು ಎಲ್ಲ ಅಲ್ಲಿದ್ದಾರೆ. ನಿಮ್ಮ ಹಳ್ಳಿಯ ಹೆಸರು ಒಂದು ಸಲವೂ ಬಂದಿಲ್ಲ. ಆ ಎರಡು ಪುಟವನ್ನು ಜೆಕ್ ದೇಶದ ಯಾವ ಹಳ್ಳಿಯ ಲೇಖನಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ಓದುಗರು ಅಲ್ಲೇ ಎದ್ದು ಹೋಗುತ್ತಾರೆ.

ಆ ಜಾಗದಲ್ಲಿ ಬರಬೇಕಾದದ್ದನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಈ ಹಳ್ಳಿ ನೂರಾರು ವರ್ಷ ಸನ್ಯಾಸಿನಿಯರ ಆಸ್ತಿಯಾಗಿತ್ತು. ಪ್ರಾಗ್ ಕೋಟೆಯೊಳಗಿನ ಸೇಂಟ್ ಜಾರ್ಜ್ ಕಾನ್ವೆಂಟಿನ ಬೆನೆಡಿಕ್ಟೀನ್ ಸನ್ಯಾಸಿನಿಯರು ಇಲ್ಲಿನ ಜಮೀನಿನ ಒಡತಿಯರು. ಹತ್ತನೇ ಶತಮಾನದಲ್ಲಿ ಶುರುವಾದ ಮಠ ಅದು. 1782ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಮುಚ್ಚಿಸಿದ. ಹಳ್ಳಿಯಲ್ಲಿ ಅವರ ಗುರುತು ಇನ್ನೂ ನಿಂತಿದೆ. 1705ರಿಂದ 1707ರೊಳಗೆ ಕಟ್ಟಿದ ಸೇಂಟ್ ಆ್ಯನ್ ಚಾಪೆಲ್. ಕಟ್ಟಿದವನು ಯಾನ್ ಸಾಂಟೀನಿ, ಬರೋಕ್ ಕಾಲದ ಬೊಹೀಮಿಯಾದ ದೊಡ್ಡ ವಾಸ್ತುಶಿಲ್ಪಿ. ಇಷ್ಟು ಚಿಕ್ಕ ಊರಿನಲ್ಲಿ ಸಾಂಟೀನಿಯ ಕೆಲಸ ಇರೋದು ಸಣ್ಣ ಮಾತಲ್ಲ. ನೀವು ‘ಒಂದು ಹಳೆಯ ಚರ್ಚೂ ಇದೆ’ ಅಂತ ಬರೆದಿದ್ದೀರಿ. ನೀವು ಅಲ್ಲಿಗೆ ಹೋಗಿ ಬಂದವರು. ಹೊರಗೆ ನಿಂತು ನೋಡಿದಿರಾ, ಒಳಗೆ ಹೋದಿರಾ, ಬಾಗಿಲಿಗೆ ಬೀಗ ಇತ್ತಾ? ಅದನ್ನೇ ಬರೆಯಿರಿ.

ಇನ್ನೊಂದು ಕಡೆ ಗಟ್ಟಿ ತಪ್ಪಾಗಿದೆ. ಊರಲ್ಲಿ ಇರುವ ಅರಮನೆ ಒಂದಲ್ಲ, ಎರಡು. ಮೇಲಿನದು, ಕೆಳಗಿನದು. ನೀವು ಎರಡನ್ನೂ ಸೇರಿಸಿ ಒಂದೇ ಮಾಡಿದ್ದೀರಿ. ಅದಕ್ಕೆ ಬುರುಜು, ಕಂದಕ ಬೇರೆ ಹಾಕಿದ್ದೀರಿ. ಅಲ್ಲಿ ಅಂಥದ್ದೇನೂ ಇಲ್ಲ. ಶ್ರೀಮಂತರು ಹಳ್ಳಿಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದ ದೊಡ್ಡ ಬಂಗಲೆಗಳು ಅವು. ಹೈಡ್ರಿಖ್ ಇದ್ದದ್ದು ಕೆಳಗಿನದರಲ್ಲಿ. ಮೇಲಿನದರಲ್ಲಿ ಕಾರ್ಲ್ ಹರ್ಮನ್ ಫ್ರಾಂಕ್ ಇದ್ದ. ಜೆಕ್ ನೆಲವನ್ನು ಹಿಂಡಿದ ಇಬ್ಬರು ನಾಜಿಗಳು ಒಂದೇ ಹಳ್ಳಿಯಲ್ಲಿ ನೆರೆಹೊರೆಯವರು! ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಫ್ರಾಂಕ್‌ನನ್ನು 1946ರ ಮೇ ತಿಂಗಳಲ್ಲಿ ಪ್ರಾಗ್‌ನ ಪಂಕ್ರಾಟ್ಸ್ ಜೈಲಿನಲ್ಲಿ ಗಲ್ಲಿಗೇರಿಸಿದರು.

ಈಗ ನನಗೆ ಅತಿ ಹೆಚ್ಚು ಕಿರಿಕಿರಿಯಾದ ಜಾಗ. ಕೆಳಗಿನ ಅರಮನೆ ‘ಒಬ್ಬ ಯಹೂದಿ ಶ್ರೀಮಂತನದಾಗಿತ್ತು’ ಅಂತ ಬರೆದು ಮುಂದೆ ಹೋಗಿದ್ದೀರಿ. ಅವನಿಗೆ ಹೆಸರಿದೆ. ಫರ್ಡಿನಾಂಡ್ ಬ್ಲೋಖ್-ಬಾವರ್. ಸಕ್ಕರೆ ಕಾರ್ಖಾನೆಗಳ ಧಣಿ. ಅವನ ಹೆಂಡತಿ ಅಡೇಲೆಯ ಮುಖ ನಿಮ್ಮ ಓದುಗರಲ್ಲಿ ಅರ್ಧದಷ್ಟು ಜನ ನೋಡಿರುತ್ತಾರೆ. ಗುಸ್ತಾವ್ ಕ್ಲಿಮ್ಟ್ 1907ರಲ್ಲಿ ಮುಗಿಸಿದ ಚಿನ್ನದ ಬಣ್ಣದ ಚಿತ್ರ ಅವಳದೇ. ನಾಜಿಗಳು ಕಸಿದುಕೊಂಡಿದ್ದ ಅದು 2006ರಲ್ಲಿ ಸೋದರ ಸಂಬಂಧದ ವಾರಸುದಾರರಿಗೆ ವಾಪಸ್ ಬಂತು. ಅದೇ ವರ್ಷ 13.5 ಕೋಟಿ ಡಾಲರಿಗೆ ಮಾರಾಟವಾಯಿತು ಎಂದು ಪತ್ರಿಕೆಗಳು ಬರೆದವು. ಹಿಟ್ಲರ್ 1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ನುಂಗಿದಾಗ ಫರ್ಡಿನಾಂಡ್ ವಿಯೆನ್ನಾದಿಂದ ಓಡಿ ಬಂದದ್ದು ಈ ಹಳ್ಳಿಯ ಮನೆಗೇ. ಇಲ್ಲೂ ಉಳಿಯೋಕೆ ಆಗಲಿಲ್ಲ. ಸ್ವಿಟ್ಜರ್ಲೆಂಡಿಗೆ ಹೋದ. 1945ರ ನವೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಸತ್ತ. ಚಿತ್ರದ ಕಥೆ ಜಗತ್ತಿಗೇ ಗೊತ್ತು. ಮನೆಯ ಕಥೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದು ನಿಮ್ಮ ಕೈಲಿತ್ತು.

ಇನ್ನು ಹೈಡ್ರಿಖ್. ಲೇಖನದ ಮುಕ್ಕಾಲು ಭಾಗ ಅವನದೇ. ಆದರೆ ಅವನು ಸಂಸಾರ ಸಮೇತ ಆ ಮನೆಗೆ ಬಂದದ್ದು 1942ರಲ್ಲಿ. ಅದೇ ವರ್ಷ ಮೇ 27ರಂದು ಅಲ್ಲಿಂದ ಹೊರಟವನ ಮೇಲೆ ಪ್ರಾಗ್‌ನ ಲಿಬೆನ್ ಬಡಾವಣೆಯ ತಿರುವಿನಲ್ಲಿ ಬಾಂಬ್ ಬಿತ್ತು. ಜೂನ್ 4ಕ್ಕೆ ಆಸ್ಪತ್ರೆಯಲ್ಲಿ ಸತ್ತ. ಅಂದರೆ ಹಳ್ಳಿಯ ಲೆಕ್ಕದಲ್ಲಿ ಅವನ ಕಾಲ ಕೆಲವೇ ತಿಂಗಳು.

ಆ ಬೆಳಗಿನ ದೃಶ್ಯವನ್ನು ಸಿನಿಮಾ ಥರ ಬರೆದಿದ್ದೀರಿ. ‘ಕಾರು ಹತ್ತುವಾಗ ಅವನ ಮನಸ್ಸಿನಲ್ಲಿ ಏನೋ ಕಸಿವಿಸಿ’. ಇದು ನಿಮಗೆ ಹೇಗೆ ಗೊತ್ತು? ಕಲ್ಪನೆ ಬೇಕಾಗಿಲ್ಲ, ನಿಜವೇ ಸಾಕಷ್ಟಿದೆ. ಅವನು ಬೆಂಗಾವಲು ಇಲ್ಲದೆ, ಮೇಲ್ಛಾವಣಿ ತೆರೆದ ಮರ್ಸಿಡಿಸ್‌ನಲ್ಲಿ ಓಡಾಡುತ್ತಿದ್ದ. ಇಂಗ್ಲೆಂಡಿನಿಂದ ಬಂದು ಪ್ಯಾರಾಚೂಟ್‌ನಲ್ಲಿ ಇಳಿದಿದ್ದ ಚೆಕೊಸ್ಲೊವಾಕಿಯಾದ ಸೈನಿಕರು ಗಾಬ್ಚಿಕ್ ಮತ್ತು ಕುಬಿಷ್ ಕಾದು ನಿಂತಿದ್ದರು. ಗಾಬ್ಚಿಕ್‌ನ ಸ್ಟೆನ್ ಗನ್ ಹಾರಲಿಲ್ಲ, ಕುಬಿಷ್ ಬಾಂಬ್ ಎಸೆದ. ಹೈಡ್ರಿಖ್ ಯಾವಾಗ ಬರುತ್ತಾನೆ, ಹೋಗುತ್ತಾನೆ ಅನ್ನೋ ಸುಳಿವು ಕೊಟ್ಟವರಲ್ಲಿ ಪ್ರಾಗ್ ಕೋಟೆಯಲ್ಲಿ ಮರಗೆಲಸ ಮಾಡುತ್ತಿದ್ದ ಫ್ರಾಂಟಿಶೆಕ್ ಶಫಾರ್ಝಿಕ್ ಒಬ್ಬ. ಬಡಗಿಗೆ ಒಂದು ಪ್ಯಾರಾ ಕೊಡಿ.

ಶಾಪದ ವಿಷಯ. ಬೊಹೀಮಿಯಾದ ರಾಜರ ಸೇಂಟ್ ವೆನ್ಸೆಸ್ಲಾಸ್ ಕಿರೀಟವನ್ನು ಹಕ್ಕಿಲ್ಲದವರು ಧರಿಸಿದರೆ ವರ್ಷದೊಳಗೆ ಸಾಯುತ್ತಾರೆ, ಹೈಡ್ರಿಖ್ ಧರಿಸಿದ, ಸತ್ತ, ಮಗನೂ ಸತ್ತ ಅಂತ ಬರೆದಿದ್ದೀರಿ. ದಂತಕಥೆಯನ್ನು ದಂತಕಥೆ ಅಂತಲೇ ಹೇಳಿ. ಅವನು ಕಿರೀಟ ಇಟ್ಟುಕೊಂಡ ಅನ್ನೋದಕ್ಕೆ ಸಾಕ್ಷಿಯಿಲ್ಲ. ನಡೆದದ್ದು ಇಷ್ಟು: 1941ರ ನವೆಂಬರ್ 19ರಂದು ನಾಜಿಗಳ ಹಿಡಿತದಲ್ಲಿದ್ದ ಜೆಕ್ ನಾಡಿನ ಅಧ್ಯಕ್ಷ ಎಮಿಲ್ ಹಾಖಾ ಕಿರೀಟದ ಕೋಣೆಯ ಏಳು ಬೀಗದ ಕೈಗಳನ್ನು ಹೈಡ್ರಿಖ್‌ಗೆ ಒಪ್ಪಿಸಿದರು. ಅವನು ಮೂರನ್ನು ವಾಪಸ್ ಕೊಟ್ಟ. ಒಂದು ದೇಶದ ಅಧ್ಯಕ್ಷರಿಗೆ ತಮ್ಮದೇ ಬೀಗದ ಕೈಯಲ್ಲಿ ಮೂರನ್ನು ದಾನ ಕೊಟ್ಟ ಹಾಗೆ! ನನಗಂತೂ ಶಾಪಕ್ಕಿಂತ ಇದೇ ಜಾಸ್ತಿ ತಟ್ಟಿತು. ಶೀರ್ಷಿಕೆಯಿಂದಲೂ ಶಾಪ ತೆಗೆಯಿರಿ.

ಅವನು ಸತ್ತ ಮೇಲಿನ ಮೂರು ವರ್ಷಕ್ಕೆ ನೀವು ಕೊಟ್ಟಿರುವುದು ನಾಲ್ಕು ಸಾಲು. ಆದರೆ ಹಳ್ಳಿಯ ಕಥೆ ಇರೋದೇ ಅಲ್ಲಿ. ಆ ಆಸ್ತಿಯನ್ನು ಹಿಟ್ಲರ್ ಹೈಡ್ರಿಖ್‌ನ ಹೆಂಡತಿ ಲೀನಾಗೆ ಕೊಟ್ಟ. ಅವಳು 1945ರ ಏಪ್ರಿಲ್‌ವರೆಗೂ ಅಲ್ಲೇ ಇದ್ದಳು. ತೋಟ, ಹೊಲದ ಕೆಲಸಕ್ಕೆ ಮೊದಲು ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್‌ನಿಂದ ಯಹೂದಿ ಕೈದಿಗಳನ್ನು ತಂದರು. 1944ರಲ್ಲಿ ಅವರನ್ನು ತೆಗೆದು ಯೆಹೋವನ ಸಾಕ್ಷಿಗಳ ಪಂಥದ ಕೈದಿಗಳನ್ನು ತಂದರು. ಯಹೂದಿಯೊಬ್ಬನಿಂದ ಕಸಿದುಕೊಂಡ ಮನೆ, ಅದರ ತೋಟದಲ್ಲಿ ಯಹೂದಿಗಳದೇ ಬಿಟ್ಟಿ ದುಡಿಮೆ. ಇದನ್ನು ಹೇಳೋಕೆ ‘ಕ್ರೂರ’, ‘ಅಮಾನುಷ’ ಅನ್ನೋ ಪದ ಯಾವುದೂ ಬೇಡ. ನಡೆದದ್ದನ್ನು ಹೇಳಿದರೆ ಸಾಕು.

1943ರ ಅಕ್ಟೋಬರ್‌ನಲ್ಲಿ ಹತ್ತು ವರ್ಷದ ಮಗ ಕ್ಲೌಸ್ ಗೇಟಿನಿಂದ ರಸ್ತೆಗೆ ಬಂದಾಗ ಲಾರಿ ಬಡಿದು ಸತ್ತ. ನೀವು ಇದನ್ನು ಶಾಪಕ್ಕೆ ಗಂಟು ಹಾಕಿ ಮುಗಿಸಿದ್ದೀರಿ. ನಾನು ಕೇಳೋದು ಬೇರೆ. ಆ ಲಾರಿ ಓಡಿಸುತ್ತಿದ್ದವನ ಗತಿ ಏನಾಯಿತು? ಹೈಡ್ರಿಖ್‌ನ ಹತ್ಯೆಗೆ ಸೇಡು ತೀರಿಸಿಕೊಳ್ಳೋಕೆ ನಾಜಿಗಳು ಲಿಡಿಟ್ಸೆ ಹಳ್ಳಿಯ 173 ಗಂಡಸರನ್ನು ಒಂದೇ ದಿನ ಗುಂಡಿಟ್ಟು ಕೊಂದಿದ್ದರು. ಅವನ ಮಗ ತನ್ನ ಲಾರಿಗೆ ಸಿಕ್ಕಾಗ ಆ ಮನುಷ್ಯನಿಗೆ, ನೋಡುತ್ತಿದ್ದ ಊರಿನವರಿಗೆ ಹೇಗಾಗಿರಬೇಕು? ಹುಡುಕಿ. ಮೇಲಿನ ಅರಮನೆಯಲ್ಲಿ ಈಗ ಆ ಕಾಲದ ದಬ್ಬಾಳಿಕೆ, ಪ್ರತಿರೋಧದ ಬಗ್ಗೆ ಮ್ಯೂಸಿಯಂ ಇದೆ. ಅವರಿಗೊಂದು ಇಮೇಲ್ ಹಾಕಿ. ಕೆಳಗಿನ ಅರಮನೆಯ ಆವರಣ ಯುದ್ಧದ ನಂತರ ಲೋಹಗಳ ಸಂಶೋಧನಾ ಸಂಸ್ಥೆಯ ಕೈಗೆ ಹೋಯಿತು. ಅದನ್ನೂ ಒಂದೆರಡು ಸಾಲಲ್ಲಿ ಸೇರಿಸಿ, ಸಾಕು.

ಭಾಷೆ ಬಗ್ಗೆ ಹೆಚ್ಚು ಹೇಳೋದಿಲ್ಲ. ‘ನಿರ್ಮಿಸಲ್ಪಟ್ಟಿತು’, ‘ಹಸ್ತಾಂತರಿಸಲ್ಪಟ್ಟಿತು’ ಅಂತ ಯಾರೂ ಮಾತಾಡೋದಿಲ್ಲ. ಊರಿನ ಹೆಸರನ್ನು ಮೂರು ಥರ ಬರೆದಿದ್ದೀರಿ, ಒಂದನ್ನು ಉಳಿಸಿಕೊಳ್ಳಿ.

1,200 ಪದ ದಾಟದ ಹಾಗೆ ಮತ್ತೆ ಬರೆದು ಕಳಿಸಿ. ಅವಸರವಿಲ್ಲ. ಫೋಟೊಗಳನ್ನು ವರ್ಡ್ ಫೈಲಿನೊಳಗೆ ಅಂಟಿಸದೆ ಬೇರೆಯಾಗಿ ಕಳಿಸಿ. ಹೈಡ್ರಿಖ್ ಸಮವಸ್ತ್ರದಲ್ಲಿ ನಿಂತಿರುವ ಚಿತ್ರ ಬೇಡ. ನೀವೇ ತೆಗೆದ ರಸ್ತೆಯ ಫೋಟೊ ಇದೆಯಲ್ಲ, ಮಬ್ಬಾಗಿದ್ದರೂ ಪರವಾಗಿಲ್ಲ, ಅದನ್ನೇ ಹಾಕೋಣ.