6ರಿಂದ 8ನೇ ತರಗತಿಯ ಮಕ್ಕಳಿಗೆ ಗಣಿತ ಕೂಟ: ವಾರಕ್ಕೆ ಒಂದೇ ಪ್ರಶ್ನೆ ಸಾಕು

ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿದ್ದೀರಿ, ಊರಿನ ಶಾಲೆಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ ವಾರಕ್ಕೊಮ್ಮೆ ಗಣಿತ ಕೂಟ ನಡೆಸಬೇಕೆಂದಿದ್ದೀರಿ. ಯಾವ ಪುಸ್ತಕ ಹಿಡಿಯಬೇಕು, ಒಂದು ದಿನಕ್ಕೆ ಎಷ್ಟು ಲೆಕ್ಕ ಮಾಡಿಸಬೇಕು ಎಂದು ಕೇಳಿದ್ದೀರಿ. ನಾನೂ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ, ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇಂಥದೇ ಕೂಟ ನಡೆಸುತ್ತೇನೆ. ನನ್ನ ಉತ್ತರ: ಪುಸ್ತಕ ಬೇಡ, ಲೆಕ್ಕ ಒಂದೇ ಸಾಕು. ಆದರೆ ಆ ಒಂದನ್ನು ಬಹಳ ಎಚ್ಚರಿಕೆಯಿಂದ ಆರಿಸಿಕೊಳ್ಳಬೇಕು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. 9 ಎಂದರೆ 4+5. 2+3+4 ಕೂಡ ಹೌದು. 15ನ್ನು ಮೂರು ಬಗೆಯಲ್ಲಿ ಬರೆಯಬಹುದು: 7+8, 4+5+6, 1+2+3+4+5. ಹೀಗೆ 1, 2, 3 ಎಂದು ಎಣಿಸುವ ಸಂಖ್ಯೆಗಳಲ್ಲಿ ಒಂದರ ಹಿಂದೊಂದು ಬರುವ ಎರಡೋ ಹೆಚ್ಚೋ ಸಂಖ್ಯೆಗಳ ಮೊತ್ತವಾಗಿ ಯಾವ ಯಾವ ಸಂಖ್ಯೆಗಳನ್ನು ಬರೆಯಬಹುದು? ಕರಿಹಲಗೆಯ ಮೇಲೆ ಇಷ್ಟು ಬರೆದು ಸುಮ್ಮನಾಗಿಬಿಡಿ. ಕೂಡುವುದು ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಶುರು ಮಾಡಬಹುದು. ಮಗ್ಗಿ ತಡವರಿಸುವ ಹುಡುಗನೂ ಮೊದಲ ಹತ್ತು ನಿಮಿಷದಲ್ಲಿ ಏನಾದರೊಂದನ್ನು ಕಂಡುಹಿಡಿದಿರುತ್ತಾನೆ.

ಒಂದಷ್ಟು ಹೊತ್ತಿನಲ್ಲಿ ಹಲಗೆಯ ಒಂದು ಮೂಲೆಯಲ್ಲಿ ‘ಆಗದವು’ ಎಂಬ ಪಟ್ಟಿ ಬೆಳೆಯುತ್ತದೆ: 1, 2, 4, 8. ಯಾರೋ 16 ಸೇರಿಸುತ್ತಾರೆ. ‘ಮುಂದೆ 32 ಬರುತ್ತದೆ ನೋಡಿ’ ಎಂದು ಹಿಂದಿನ ಸಾಲಿನಿಂದ ಕೂಗು ಬರುತ್ತದೆ. ಆಗ ನೀವು ಕೇಳಬೇಕಾದದ್ದು ಒಂದೇ: ‘32ಕ್ಕೆ ಇನ್ನೂ ಸಿಕ್ಕಿಲ್ಲವೋ, ಸಿಗುವುದೇ ಇಲ್ಲವೋ?’ ಶಾಲೆಯ ಗಣಿತದಲ್ಲಿ ಮಕ್ಕಳಿಗೆ ಈ ಪ್ರಶ್ನೆ ಎದುರಾಗುವುದೇ ಅಪರೂಪ, ಏಕೆಂದರೆ ಅಲ್ಲಿ ಪ್ರತಿ ಲೆಕ್ಕಕ್ಕೂ ಪುಸ್ತಕದ ಕೊನೆಯಲ್ಲಿ ಉತ್ತರವಿರುತ್ತದೆ. ಕೂಟ ನಡೆಸುವುದೇ ಈ ಪ್ರಶ್ನೆಗಾಗಿ ಎಂದು ನಾನು ನಂಬಿದ್ದೇನೆ.

ನನ್ನ ಕೂಟದಲ್ಲಿ ಇದನ್ನು ಬಿಡಿಸಿದವಳು ಏಳನೇ ತರಗತಿಯ ಹುಡುಗಿ. ತರಗತಿಯಲ್ಲಿ ಬಾಯಿ ಬಿಡದವಳು ಎಂದೇ ಶಿಕ್ಷಕರು ಅವಳನ್ನು ಪರಿಚಯಿಸಿದ್ದರು. ಅವಳ ವಾದ ಹೀಗಿತ್ತು: ಕೂಡುವ ಸಂಖ್ಯೆಗಳು ಮೂರೋ ಐದೋ ಇದ್ದರೆ ನಡುವೆ ಒಂದು ಸಂಖ್ಯೆ ಇರುತ್ತದೆ. ಆ ನಡುವಿನದನ್ನು ಮೂರರಿಂದಲೋ ಐದರಿಂದಲೋ ಗುಣಿಸಿದರೆ ಮೊತ್ತ ಬರುತ್ತದೆ. ಕೂಡುವ ಸಂಖ್ಯೆಗಳು ಎರಡೋ ನಾಲ್ಕೋ ಇದ್ದರೆ ಮೊದಲನೆಯದಕ್ಕೆ ಕೊನೆಯದನ್ನು ಜೋಡಿ ಮಾಡಬೇಕು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದನ್ನು. ಎಲ್ಲ ಜೋಡಿಗಳ ಮೊತ್ತವೂ ಒಂದೇ, ಅದೂ ಬೆಸ ಸಂಖ್ಯೆ. ಅಂದರೆ ಹೇಗೇ ಕೂಡಿದರೂ ಮೊತ್ತಕ್ಕೆ 1ನ್ನು ಬಿಟ್ಟು ಬೇರೊಂದು ಬೆಸ ಅಪವರ್ತನ ಇರಲೇಬೇಕು. 32ಕ್ಕೆ ಅಂಥದ್ದು ಇಲ್ಲ. ಬೀಜಗಣಿತದ ಒಂದಕ್ಷರವೂ ಇಲ್ಲದೆ ಪೂರ್ತಿ ರುಜುವಾತು!

ಆಮೇಲೆ ಅದರ ತಿರುವನ್ನು ಕೇಳಿದೆ: ಅಂಥ ಬೆಸ ಅಪವರ್ತನ ಇರುವ ಪ್ರತಿ ಸಂಖ್ಯೆಗೂ ಆಗುತ್ತದೆಯೇ? 14 ಎಂದರೆ 7×2. ಹಾಗಾದರೆ 2ನ್ನು ನಡುವೆ ಇಟ್ಟು ಏಳು ಸಂಖ್ಯೆ ಬರೆಯಬೇಕು: -1, 0, 1, 2, 3, 4, 5. -1 ಮತ್ತು 1 ಪರಸ್ಪರ ಕಳೆದುಹೋಗಿ 2+3+4+5 ಉಳಿದಾಗ ಇಡೀ ಕೋಣೆ ಎದ್ದು ನಿಂತಿತ್ತು. ಋಣ ಸಂಖ್ಯೆಗಳು ಯಾಕೆ ಬೇಕು ಎಂದು ಆ ಮಕ್ಕಳಿಗೆ ಮತ್ತೆ ಹೇಳಿಕೊಡುವ ಅಗತ್ಯ ಬೀಳಲಿಲ್ಲ.

ಇಷ್ಟಕ್ಕೆ ಎರಡು ಶನಿವಾರವೇ ಹಿಡಿಯಬಹುದು, ಹಿಡಿಯಲಿ. ನಿಮಗೆ ಕಷ್ಟವಾಗುವುದು ಬಾಯಿ ಮುಚ್ಚಿಕೊಂಡಿರುವುದು. ಬೇಗ ಕಂಡುಕೊಂಡ ಮಗು ಉತ್ತರವನ್ನು ಕೂಗಿ ಹೇಳದಂತೆ ನೋಡಿಕೊಳ್ಳಿ. ‘ನಿನಗೆ ಹೊಳೆದದ್ದನ್ನು ಒಪ್ಪದವರನ್ನು ಒಪ್ಪಿಸು’ ಎಂದು ಪಕ್ಕದವರ ಬಳಿಗೆ ಕಳುಹಿಸಿ. ಅಂಕ, ಬಹುಮಾನ, ರ‍್ಯಾಂಕ್ ಬೇಡವೇ ಬೇಡ. ‘ಜಾಣರನ್ನು ಮಾತ್ರ ಕಳುಹಿಸುತ್ತೇವೆ’ ಎಂದು ಶಾಲೆಯವರು ಹೇಳಿದರೆ ವಿನಯದಿಂದಲೇ ಬೇಡವೆನ್ನಿ, ಬರುತ್ತೇನೆಂದವರೆಲ್ಲ ಬರಲಿ. ಹದಿನೈದು ಇಪ್ಪತ್ತು ಮಕ್ಕಳಾದರೆ ನಿಭಾಯಿಸಬಹುದು.

6174ರ ಆಟ ನಿಮಗೆ ಗೊತ್ತಿರಬಹುದು. ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆ ಕ್ರಮದಲ್ಲೂ ಏರಿಕೆ ಕ್ರಮದಲ್ಲೂ ಬರೆದು ಕಳೆಯುತ್ತಾ ಹೋದರೆ, ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ, ಏಳು ಹೆಜ್ಜೆಯೊಳಗೆ 6174 ಬರುತ್ತದೆ. 3524ರಿಂದ ಹೊರಟರೆ 3087, 8352, 6174. ಕಂಡುಹಿಡಿದವರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್. ಮೊದಲ ದಿನಕ್ಕೆ ಇದು ಚೆನ್ನ, ಮಕ್ಕಳಿಗೆ ಅವರ ಕಥೆಯನ್ನೂ ಹೇಳಿ. ಆದರೆ ‘ಹೀಗೇಕೆ’ ಎಂಬುದು ಈ ವಯಸ್ಸಿನವರ ಕೈಗೆ ಸುಲಭವಾಗಿ ಎಟುಕುವುದಿಲ್ಲ, ಬೆರಗಿನಲ್ಲೇ ನಿಂತುಬಿಡುತ್ತದೆ. ವಾರ ವಾರವೂ ಇಂಥವನ್ನೇ ತಂದರೆ ಕೂಟ ಜಾದೂ ಪ್ರದರ್ಶನವಾಗುತ್ತದೆ.

ಇನ್ನು ವ್ಯವಹಾರದ ಮಾತು. ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆಯಿರಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ)ಯವರಿಗೂ ತಿಳಿಸಿ. ಕೋಣೆಯಲ್ಲಿ ನೀವೊಬ್ಬರೇ ಇರಬೇಡಿ, ಶಿಕ್ಷಕಿಯೊಬ್ಬರು ಜೊತೆಗಿರಲಿ. ಹಳ್ಳಿಗಳಿಂದ ಬರುವ ಮಕ್ಕಳ ಬಸ್ಸಿನ ಹೊತ್ತು ಕೇಳಿಕೊಂಡೇ ಸಮಯ ಗೊತ್ತುಮಾಡಿ. ‘ಎನ್‌ಎಂಎಂಎಸ್ ಪರೀಕ್ಷೆಗೆ ಇದು ಉಪಯೋಗವಾ?’ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಎಂಟನೇ ತರಗತಿಯವರು ಬರೆಯುವ ಆ ಪರೀಕ್ಷೆಯಿಂದ ಸಿಗುವ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನ ಬಡ ಮನೆಗೆ ದೊಡ್ಡ ಮೊತ್ತ, ಹಗುರವಾಗಿ ಮಾತಾಡಬೇಡಿ. ಎಂಟನೆಯವರಿಗೆ ಅದರ ತಯಾರಿಯನ್ನು ಬೇರೆ ದಿನ ಮಾಡಿಸಿ, ಕೂಟದ ಹೊತ್ತಿಗೆ ಬೆರೆಸಬೇಡಿ.

ಮುಂದಿನ ಪ್ರಶ್ನೆಗಳಿಗೆ ಮನೆಯಂಗಳವನ್ನೇ ನೋಡಿ. ನಾನು ಈಗ ಸಂದುಚುಕ್ಕಿ ರಂಗೋಲಿ ಹಿಡಿದಿದ್ದೇನೆ. ನಡುಸಾಲಿನ ಎರಡೂ ಬದಿಗೆ, ಚುಕ್ಕಿಗಳ ಸಂದಿನಲ್ಲಿ, ಸಾಲಿಗೊಂದು ಚುಕ್ಕಿ ಕಡಿಮೆ ಮಾಡುತ್ತಾ ಇಡುವುದು ಇದರ ಕ್ರಮ. 3ರಿಂದ 2ರವರೆಗೆ ಇಟ್ಟರೆ (2, 3, 2) 7 ಚುಕ್ಕಿ, 5ರಿಂದ 3ಕ್ಕೆ 19, 7ರಿಂದ 4ಕ್ಕೆ 37. ಒಂಟಿ ಚುಕ್ಕಿಯಿಂದ ಹಿಡಿದು ಇವನ್ನು ಕೂಡುತ್ತಾ ಹೋದರೆ 1, 8, 27, 64 ಬರುತ್ತದೆ. ನೆಲದ ಮೇಲಿನ ಚುಕ್ಕಿಗಳಲ್ಲಿ ಘನಗಳು ಎಲ್ಲಿಂದ ಬಂದವು? ಉತ್ತರ ಬರೆಯುವುದಿಲ್ಲ. ಪುಟ್ಟ ಘನಗಳನ್ನು ಜೋಡಿಸಿದ ದೊಡ್ಡ ಘನವೊಂದನ್ನು ಮೂಲೆಯ ಕಡೆಯಿಂದ ನೋಡಿ, ಕಾಣುವ ಪುಟ್ಟ ಘನಗಳನ್ನು ಎಣಿಸಿ.